ಒತ್ತಕ್ಷರದ ಕೀ

ಎಫ್ ಕೀ ಕೆಟ್ಟರೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೋಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ಹೋಗುತ್ತವೆ. ನುಡಿ ತಂತ್ರಾಂಶದ ಕೀ ವಿನ್ಯಾಸದಲ್ಲಿ ಬೆರಳು ಪಳಗಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆ ಮತ್ತು ಎನ್ ಒತ್ತಿ, ಎಫ್ ಒತ್ತಿ, ಮತ್ತೆ ಎನ್, ಆಮೇಲೆ ಡಬ್ಲ್ಯು ಒತ್ತಿದರೆ ‘ಕನ್ನಡ’ ಮೂಡುತ್ತದೆ. ನಡುವಿನ ಎಫ್ ಕೈಕೊಟ್ಟರೆ ಸಿಗುವುದು ‘ಕನನಡ’. ಅಮ್ಮ ಬರೆಯಲಾಗದು, ಅಕ್ಕ ಬರೆಯಲಾಗದು, ಯಾವ ವಾಕ್ಯವನ್ನೂ ‘ಇದೆ’ ಎಂದಲ್ಲದೆ ‘ಇರುತ್ತದೆ’ ಎಂದು ಮುಗಿಸಲಾಗದು.

ನನ್ನ ಹಿಂದಿನ ಲ್ಯಾಪ್‌ಟಾಪಿನ ಎಫ್ ಕೀ ಮೊದಲು ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಮಾತ್ರ ಓಗೊಡುತ್ತಿತ್ತು. ಕೆಲವು ವಾರಗಳಲ್ಲಿ ಅದೂ ನಿಂತಿತು. ಸರ್ವಿಸ್ ಸೆಂಟರಿಗೆ ಒಯ್ದೆ. ಕೌಂಟರಿನಲ್ಲಿದ್ದ ಹುಡುಗಿ ಸೌಜನ್ಯದಿಂದಲೇ ವಿವರಿಸಿದಳು. ಕೀಬೋರ್ಡ್ ಒಂದೇ ಬರುವುದಿಲ್ಲ. ಅಂಗೈ ಊರುವ ಮೇಲಿನ ಕವಚ, ಅದಕ್ಕೆ ಅಂಟಿಸಿದ ಬ್ಯಾಟರಿ, ಟಚ್‌ಪ್ಯಾಡ್ ಎಲ್ಲ ಸೇರಿ ಒಂದೇ ಭಾಗ. ಬದಲಿಸಿದರೆ ಅಷ್ಟನ್ನೂ ಬದಲಿಸಬೇಕು. ಅವಳು ಹೇಳಿದ ಮೊತ್ತ ಹೊಸ ಯಂತ್ರದ ಬೆಲೆಯ ಅರ್ಧದ ಹತ್ತಿರ ಇತ್ತು. “ಇದಕ್ಕೆ ಇಷ್ಟು ಹಾಕೋದಕ್ಕಿಂತ ಹೊಸದನ್ನೇ ತಗೊಳ್ಳಿ ಮೇಡಂ” ಅಂದಳು. ಮನೆಗೆ ಬಂದು ಕೆಳಗಿನ ಮುಚ್ಚಳ ತೆಗೆದು ನೋಡಿದೆ. ಅವಳು ಹೇಳಿದ್ದು ನಿಜ. ಮದರ್‌ಬೋರ್ಡಿನ ಕೆಳಗೆ, ಪ್ಲಾಸ್ಟಿಕ್ ರಿವೆಟ್‌ಗಳ ಸಾಲಿನಿಂದ ಕೀಬೋರ್ಡನ್ನು ಕವಚಕ್ಕೆ ಕರಗಿಸಿ ಕೂರಿಸಿದ್ದರು. ಅದು ಎಂದಾದರೂ ಹೊರಗೆ ಬರಬೇಕಾದೀತು ಎಂಬ ಯೋಚನೆಯೇ ಆ ವಿನ್ಯಾಸದಲ್ಲಿ ಇರಲಿಲ್ಲ.

ಆ ಹೊತ್ತಿಗೆ ಕೆಲಸ ನಡೆಸಿಕೊಟ್ಟದ್ದು ಲಿನಕ್ಸ್. ಕೀಡಿ ಎಂಬ ಪುಟ್ಟ ತಂತ್ರಾಂಶವಿದೆ. ಅದರ ಕಡತದಲ್ಲಿ ಒಂದು ಸಾಲು ಬರೆದರೆ ಕ್ಯಾಪ್ಸ್ ಲಾಕ್ ಕೀಯೇ ಎಫ್ ಆಗುತ್ತದೆ. ಕನ್ನಡ ಬರೆಯುವಾಗ ಕ್ಯಾಪ್ಸ್ ಲಾಕಿಗೆ ಬೇರೆ ಉದ್ಯೋಗವಿಲ್ಲ, ಎಡಗೈ ಕಿರುಬೆರಳಿನ ಪಕ್ಕದಲ್ಲೇ ಅದು ಕೂತಿದೆ. ಒತ್ತಕ್ಷರಗಳು ಮರಳಿ ಬಂದವು. ಯಂತ್ರ ಮಾಡಿದವರು ಬಾಗಿಲು ಹಾಕಿದ್ದ ಕಡೆ ತಂತ್ರಾಂಶ ಬರೆದವರು ಕಿಟಕಿ ತೆರೆದಿಟ್ಟಿದ್ದರು. ಆದರೂ ಇದು ತಾತ್ಕಾಲಿಕ ಏರ್ಪಾಡು. ಇಂದು ಎಫ್ ಹೋದ ಕೀಲಿಮಣೆಯಲ್ಲಿ ನಾಳೆ ಎ ಹೋದೀತು. ಹಾಗಾಗಿ ಹೊಸ ಯಂತ್ರ ಹುಡುಕಲು ಹೊರಟೆ. ಈ ಸಲ ಹುಡುಕುವ ಕ್ರಮವನ್ನೇ ತಿರುಗಿಸಿದೆ. ಮೊದಲು ಕೀಬೋರ್ಡ್, ಆಮೇಲೆ ಕೆಳಗಿನ ಸ್ಕ್ರೂಗಳು, ಕೊನೆಗೆ ಪ್ರೊಸೆಸರ್.

ನನ್ನ ಕೆಲಸ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಪಠ್ಯವಾಗಿ ಮಾಡುವುದು. ಟೆಸೆರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶ ಪುಟವನ್ನು ಓದಿ ಒಂದು ಕರಡು ಕೊಡುತ್ತದೆ. ಮಸಿ ಹರಡಿದ ಅಚ್ಚುಮೊಳೆಗಳಲ್ಲಿ ಅದು ಎಡವುವ ಕಡೆಗಳನ್ನು ಕೂತು ತಿದ್ದಬೇಕು. ತಿದ್ದಿದ್ದನ್ನು ಅದಕ್ಕೇ ಕಲಿಸಿ ಮುಂದಿನ ಪುಸ್ತಕಕ್ಕೆ ಅಣಿಗೊಳಿಸಬೇಕು. ದೊಡ್ಡ ಸ್ಕ್ಯಾನ್‌ಗಳಿಗೆ ಮೆಮೊರಿ ಬೇಕು, ತಿದ್ದುವುದಕ್ಕೆ ಬೆರಳು ಬೇಕು. ಇಂಥ ಕೆಲಸಕ್ಕೆ ಕಂಪನಿಗಳು ಮಾರುವ ಯಂತ್ರಗಳಿಗೆ ‘ಮೊಬೈಲ್ ವರ್ಕ್‌ಸ್ಟೇಷನ್’ ಎಂಬ ಹೆಸರಿದೆ. ಲೆನೊವೊದ ಪಿ ಸರಣಿ, ಡೆಲ್ ಬಹಳ ಕಾಲ ಪ್ರಿಸಿಷನ್ ಹೆಸರಿನಲ್ಲಿ ಮಾರಿದ ಸಾಲು, ಎಚ್‌ಪಿಯ ಝಡ್‌ಬುಕ್. ಸೇತುವೆ ವಿನ್ಯಾಸ ಮಾಡುವ ಎಂಜಿನಿಯರು, ಸಿನಿಮಾ ಗ್ರಾಫಿಕ್ಸ್ ಮಾಡುವವರು ಕೊಳ್ಳುವಂಥವು. ಮೆಮೊರಿ ಧಾರಾಳ, ಪೋರ್ಟ್‌ಗಳು ಧಾರಾಳ, ತೂಕವೂ ಧಾರಾಳ. ನಾನು ಆರಂಭಿಸಿದ್ದು ಅವುಗಳಿಂದಲೇ.

ಆರಂಭಿಸಿದ ಕೂಡಲೇ ಎದುರಾದದ್ದು ನಂಬರ್‌ಪ್ಯಾಡ್. ಹದಿನೈದು ಇಂಚಿನ ಬಹುಪಾಲು ವರ್ಕ್‌ಸ್ಟೇಷನ್‌ಗಳಲ್ಲಿ ಬಲಗಡೆ ಅಂಕಿಗಳ ಒಂದು ಕಂಬವನ್ನೇ ಕೊಡುತ್ತಾರೆ. ಲೆಕ್ಕಪತ್ರ ನೋಡುವವರಿಗೆ ಅದು ವರ. ಆದರೆ ಅದಕ್ಕೆ ಜಾಗ ಮಾಡಿಕೊಡಲು ಅಕ್ಷರಗಳ ಮಣೆ ಎಡಕ್ಕೆ ಸರಿಯುತ್ತದೆ. ಎಫ್ ಮತ್ತು ಜೆ ಮೇಲೆ ಬೆರಳಿಟ್ಟು ಕೂತರೆ ಪರದೆಯ ನಡು ನಮ್ಮ ಬಲಕ್ಕೆ ಬೀಳುತ್ತದೆ, ಕತ್ತು ಇಡೀ ದಿನ ಒಂದಿಷ್ಟು ಓರೆಯಾಗಿಯೇ ಇರುತ್ತದೆ. ದಿನಕ್ಕೆ ಹತ್ತು ನಿಮಿಷ ಟೈಪ್ ಮಾಡುವವರಿಗೆ ಇದು ಗೊತ್ತೇ ಆಗದು. ಪುಟಗಟ್ಟಲೆ ತಿದ್ದುವವರ ಭುಜಕ್ಕೆ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಲೆನೊವೊದ 2011ರ ಥಿಂಕ್‌ಪ್ಯಾಡ್ ಡಬ್ಲ್ಯು520 ಹದಿನೈದು ಇಂಚಿನ ವರ್ಕ್‌ಸ್ಟೇಷನ್ನೇ. ಅದರಲ್ಲಿ ನಂಬರ್‌ಪ್ಯಾಡ್ ಇರಲಿಲ್ಲ, ಮಣೆ ನಟ್ಟನಡುವೆ ಇತ್ತು. 2013ರ ಡಬ್ಲ್ಯು540ರಲ್ಲಿ ನಂಬರ್‌ಪ್ಯಾಡ್ ಬಂತು. ಆಗಿನಿಂದ ದೊಡ್ಡ ಯಂತ್ರಗಳಲ್ಲಿ ಅದು ಬಹುಮಟ್ಟಿಗೆ ಉಳಿದುಕೊಂಡಿದೆ.

ಥಿಂಕ್‌ಪ್ಯಾಡಿನ ಕೀಬೋರ್ಡಿಗೆ ಒಂದು ಇತಿಹಾಸವಿದೆ. ಅದನ್ನು ಹೇಳುವುದೆಂದರೆ ನನಗೆ ಇಷ್ಟ. 1992ರಲ್ಲಿ ಐಬಿಎಂ ಥಿಂಕ್‌ಪ್ಯಾಡನ್ನು ಹೊರತಂದಿತು. ಕಪ್ಪು ಪೆಟ್ಟಿಗೆಯ ರೂಪ ಕೊಟ್ಟವರು ರಿಚರ್ಡ್ ಸ್ಯಾಪರ್ ಎಂಬ ಜರ್ಮನ್ ವಿನ್ಯಾಸಕ. ಒಳಗಿನ ಎಂಜಿನಿಯರಿಂಗ್ ನಡೆದದ್ದು ಜಪಾನಿನ ಯಮಾಟೊ ಪ್ರಯೋಗಾಲಯದಲ್ಲಿ. ಜಿ, ಎಚ್, ಬಿ ಕೀಗಳ ನಡುವಿನ ಕೆಂಪು ಗುಂಡಿ ಟೆಡ್ ಸೆಲ್ಕರ್ ಅವರ ಶೋಧ. ಬೆರಳು ಅಕ್ಷರಗಳ ಸಾಲು ಬಿಟ್ಟು ಹೋಗದೆಯೇ ಬಾಣವನ್ನು ಪರದೆಯ ಮೇಲೆ ಸರಿಸಲು ಅದು. ಮೌಸಿಗೆ ಕೈ ಚಾಚಿ, ವಾಪಸ್ ಬಂದು, ಮತ್ತೆ ಬೆರಳು ಕೂರಿಸುವ ಹೊತ್ತು ಉಳಿಯುತ್ತದೆ ಎಂಬುದು ಅವರ ಯೋಚನೆ. ತಿದ್ದುಪಡಿಯ ಕೆಲಸ ಮಾಡುವ ನನ್ನಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಅಕ್ಷರ ತಿದ್ದು, ಸರಿ, ಮತ್ತೆ ತಿದ್ದು: ಇದಿಷ್ಟೇ ನಮ್ಮ ದಿನ.

2005ರಲ್ಲಿ ಆ ವ್ಯವಹಾರ ಲೆನೊವೊ ಕೈಗೆ ಬಂತು. 2011ರವರೆಗೂ ಮಣೆಯಲ್ಲಿ ಏಳು ಸಾಲು ಕೀಗಳಿದ್ದವು. ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಎಲ್ಲ ಬಲಮೂಲೆಯಲ್ಲಿ ಒಂದೇ ಗುಂಪಾಗಿ. 2012ರಲ್ಲಿ ಅದು ಆರು ಸಾಲಾಯಿತು. ಹಳೆಯ ಮಣೆಯನ್ನು ಬಿಡಲೊಲ್ಲದವರು ಎಕ್ಸ್220 ಮಾದರಿಯ ಏಳು ಸಾಲಿನ ಮಣೆಯನ್ನು ಮುಂದಿನ ಎಕ್ಸ್230ರೊಳಗೆ ಕೂರಿಸಿ, ಕೀಬೋರ್ಡನ್ನು ನೋಡಿಕೊಳ್ಳುವ ಚಿಪ್ಪಿನ ಒಳ ತಂತ್ರಾಂಶವನ್ನೇ ತಿದ್ದಿ, ಎಲ್ಲ ಕೀಗಳೂ ಕೆಲಸ ಮಾಡುವಂತೆ ಮಾಡಿಕೊಂಡರು. 2013ರಲ್ಲಿ ಕೆಂಪು ಗುಂಡಿಯ ಜೊತೆಗಾರರಾದ ಮೂರು ಬಟನ್ನುಗಳನ್ನು ತೆಗೆದುಹಾಕಿದಾಗ ಬಳಕೆದಾರರು ಎಷ್ಟು ಗಟ್ಟಿಯಾಗಿ ಆಕ್ಷೇಪಿಸಿದರೆಂದರೆ ಒಂದೆರಡು ವರ್ಷದಲ್ಲೇ ಕಂಪನಿ ಅವನ್ನು ವಾಪಸ್ ತಂದಿತು. 2017ರಲ್ಲಿ ಇಪ್ಪತ್ತೈದನೇ ವರ್ಷದ ನೆನಪಿಗೆ ಏಳು ಸಾಲಿನ ಮಣೆಯ ಒಂದು ಮಾದರಿ ಬಂತು. ಅಲ್ಲಿಗೆ ಆ ಕಥೆ ಮುಗಿಯಿತು. ಕೀಯ ಆಳವೂ ಕಡಿಮೆಯಾಗುತ್ತ ಬಂದಿದೆ. ಒಂದು ಕಾಲಕ್ಕೆ 1.8 ಮಿಲಿಮೀಟರ್ ಕೆಳಗಿಳಿಯುತ್ತಿದ್ದ ಕೀ ಈಚಿನ ಅನೇಕ ಮಾದರಿಗಳಲ್ಲಿ 1.5 ಮಿಲಿಮೀಟರಿಗೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಬೆರಳಿನ ತುದಿಗೆ ಚೆನ್ನಾಗಿ ಕಾಣುತ್ತದೆ.

ಕನ್ನಡ ಬರೆಯುವವರ ಕಣ್ಣಿನಿಂದ ಲ್ಯಾಪ್‌ಟಾಪ್ ಕೀಬೋರ್ಡನ್ನು ಯಾರೂ ವಿಮರ್ಶಿಸುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಶಿಷ್ಟ ವಿನ್ಯಾಸವೆಂದು ಒಪ್ಪಿಕೊಂಡಿತು; ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ, ಶಾಲೆ, ಪತ್ರಿಕಾಲಯಗಳಿಗೆ ಹರಡಿತು. ಲಿನಕ್ಸಿನಲ್ಲಿ ಅದಕ್ಕೆ ಕಗಪ ಎಂದು ಹೆಸರು. ಬೇರೆ ಏನನ್ನೂ ಹಾಕಿಕೊಳ್ಳದೆ, ಸೆಟ್ಟಿಂಗ್ಸಿನಲ್ಲಿ ಕನ್ನಡ ಕಗಪ ಆರಿಸಿಕೊಂಡರೆ ಸಾಕು. ಅದರ ಸೊಗಸು ಇರುವುದು ಇಪ್ಪತ್ತಾರು ಅಕ್ಷರಗಳ ಜಾಗದಲ್ಲಿ ಇಡೀ ವರ್ಣಮಾಲೆಯನ್ನು ಕೂರಿಸಿದ್ದರಲ್ಲಿ. ಶಿಫ್ಟ್ ಕೀಯೇ ಅದನ್ನು ಸಾಧ್ಯವಾಗಿಸಿದ್ದು. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್, ಣ ಮತ್ತು ಳಗಳಿಗೆ ಶಿಫ್ಟ್. ‘ಹೇಳೋಣ’ ಎಂದು ಬರೆದು ನೋಡಿ. ಐದು ಕೀಗಳಲ್ಲಿ ನಾಲ್ಕಕ್ಕೆ ಶಿಫ್ಟ್ ಹಿಡಿಯಬೇಕು. ಇಂಗ್ಲಿಷ್ ಬರೆಯುವವರು ವಾಕ್ಯಕ್ಕೊಮ್ಮೆ ಮುಟ್ಟುವ ಕೀಯನ್ನು ನಾವು ಪದಕ್ಕೆರಡು ಸಲ ಮುಟ್ಟುತ್ತೇವೆ.

ಆದ್ದರಿಂದ ಶಿಫ್ಟ್ ಎರಡೂ ಕಡೆ ಉದ್ದವಾಗಿರಬೇಕು. ಬ್ರಿಟನ್ ಹಾಗೂ ಯುರೋಪಿನ ಮಣೆಗಳಲ್ಲಿ ಎಡ ಶಿಫ್ಟನ್ನು ಮೊಟಕುಮಾಡಿ ಅದರ ಪಕ್ಕ ಇನ್ನೊಂದು ಕೀ ತುರುಕುತ್ತಾರೆ. ಕಿರುಬೆರಳು ಅಭ್ಯಾಸದಿಂದ ಹೋದ ಕಡೆ ಶಿಫ್ಟ್ ಸಿಗುವುದಿಲ್ಲ. ನಮ್ಮಲ್ಲಿ ಹೊಸದಾಗಿ ಮಾರುವ ಲ್ಯಾಪ್‌ಟಾಪ್‌ಗಳದ್ದು ಸಾಮಾನ್ಯವಾಗಿ ಅಮೆರಿಕನ್ ಮಣೆ, ಎರಡೂ ಶಿಫ್ಟ್ ಉದ್ದ. ಆದರೆ ಹೊರದೇಶದಿಂದ ಬಂದ ಹಳೆಯ ಯಂತ್ರ ಕೊಳ್ಳುವವರು ಎಂಟರ್ ಕೀಯ ಆಕಾರವನ್ನು ಮೊದಲು ನೋಡಬೇಕು. ಅದು ಎರಡು ಸಾಲು ಎತ್ತರಕ್ಕೆ ನಿಂತಿದ್ದರೆ ಎಡ ಶಿಫ್ಟ್ ಮೊಟಕಾಗಿದೆ ಎಂದೇ ತಿಳಿಯಿರಿ. ಕೆಲವು ಅಗ್ಗದ ಮಾದರಿಗಳಲ್ಲಿ ಮೇಲ್ಬಾಣದ ಕೀಯನ್ನು ಬಲ ಶಿಫ್ಟಿನ ಜಾಗಕ್ಕೇ ನುಗ್ಗಿಸಿರುತ್ತಾರೆ. ಅಂಥದ್ದನ್ನು ಕನ್ನಡ ಬರೆಯುವವರು ಮುಟ್ಟಲೇಬಾರದು. ಎಡಗೈಯ ಅಕ್ಷರಕ್ಕೆ ಬಲ ಶಿಫ್ಟ್ ಹಿಡಿಯಲು ಹೋದಾಗಲೆಲ್ಲ ಸಾಲು ಮೇಲಕ್ಕೆ ಜಿಗಿಯುತ್ತದೆ.

ಬಲ ಕಂಟ್ರೋಲ್ ಕೀಯದು ಇನ್ನೊಂದು ಸಂಗತಿ. ಲಿನಕ್ಸಿನಲ್ಲಿ ಯಾವ ಕೀ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೆ ಹೋಗಬೇಕೆಂದು ನಾವೇ ಗೊತ್ತುಮಾಡಬಹುದು. ನನ್ನದು ಬಲ ಕಂಟ್ರೋಲ್. ಒಂದು ಹೆಬ್ಬೆರಳ ಒತ್ತಿಗೆ ಭಾಷೆ ಬದಲು. 2024ರಲ್ಲಿ ಮೈಕ್ರೋಸಾಫ್ಟ್ ತನ್ನ ಕೃತಕ ಬುದ್ಧಿಮತ್ತೆಯ ಸಹಾಯಕನಿಗಾಗಿ ಕೋಪೈಲಟ್ ಎಂಬ ಕೀಯನ್ನು ಶುರುಮಾಡಿತು. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಂದು ಕೂತದ್ದು ಬಲ ಕಂಟ್ರೋಲಿನ ಜಾಗದಲ್ಲೇ. ಆ ಕೀ ಒತ್ತಿದರೆ ಒಂದೇ ಸಂಕೇತ ಹೋಗುವುದಿಲ್ಲ. ಎಡ ಶಿಫ್ಟ್, ವಿಂಡೋಸ್ ಕೀ ಮತ್ತು ಎಫ್23 ಮೂರೂ ಒಟ್ಟಿಗೆ ಹೋಗುತ್ತವೆ. ಕೀಡಿಯಂಥ ತಂತ್ರಾಂಶದಿಂದ ಅದನ್ನು ಪಳಗಿಸಬಹುದು, ನಿಜ. ಆದರೂ ಕಂಟ್ರೋಲನ್ನು ಒತ್ತಿ ಹಿಡಿದಷ್ಟು ಸಲೀಸಾಗಿ ಅದು ವರ್ತಿಸುವುದಿಲ್ಲ. ಎರಡು ಲಿಪಿಗಳಲ್ಲಿ ಬದುಕುವ ಕೋಟ್ಯಂತರ ಭಾರತೀಯರಿಗೆ ಬೇಕಾದ ಕೀಯನ್ನು ಕೇಳದೆ ತೆಗೆದದ್ದು ನನಗೆ ಸರಿಕಾಣುವುದಿಲ್ಲ. ಎಡಮೂಲೆಯ ಎಫ್ಎನ್ ಕೀ ವಿಚಾರದಲ್ಲಿ ಮಾತ್ರ ಒಳ್ಳೆಯದಾಗಿದೆ. ಥಿಂಕ್‌ಪ್ಯಾಡಿನಲ್ಲಿ ಬಹಳ ವರ್ಷ ಮೂಲೆಯಲ್ಲಿ ಎಫ್ಎನ್, ಪಕ್ಕದಲ್ಲಿ ಕಂಟ್ರೋಲ್ ಇತ್ತು. 2024ರ ಹೊಸ ಮಾದರಿಗಳಿಂದ ಅವು ಅದಲುಬದಲಾಗತೊಡಗಿವೆ. ಹಳೆಯವುಗಳಲ್ಲೂ ಯಂತ್ರ ಶುರುವಾಗುವಾಗಿನ ಬಯೋಸ್ ಸೆಟ್ಟಿಂಗ್ಸಿಗೆ ಹೋಗಿ ಅದಲುಬದಲು ಮಾಡಿಕೊಳ್ಳಬಹುದು.

ಹೀಗೆ ಮಣೆಯ ಲೆಕ್ಕ ಗಟ್ಟಿಯಾದ ಮೇಲೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆಯ ಇಕ್ಕಟ್ಟಿನಲ್ಲಿ ರೆಸಿಸ್ಟರಿನಿಂದ ಹಿಡಿದು ಸರ್ವರ್‌ವರೆಗೆ ಎಲ್ಲ ಸಿಗುತ್ತದೆ. ಐಟಿ ಕಂಪನಿಗಳು ಲೀಸ್ ಮುಗಿದ ಲ್ಯಾಪ್‌ಟಾಪ್‌ಗಳನ್ನು ಒಟ್ಟಿಗೆ ಬಿಡುತ್ತವೆ. ಅವು ಒರೆಸಿ, ಜೋಡಿಸಿ, ಇಲ್ಲಿ ಸಾಲಾಗಿ ಬಂದು ಕೂರುತ್ತವೆ. 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಏಳನೇ ತಲೆಮಾರಿನವರೆಗಿನ ಇಂಟೆಲ್ ಪ್ರೊಸೆಸರುಗಳ ಬಹುಪಾಲು ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಗಟ್ಟಿಮುಟ್ಟಾದ ಯಂತ್ರಗಳು ಕೇವಲ ಈ ಕಾರಣಕ್ಕೆ ತಿರಸ್ಕೃತವಾಗಿವೆ. ಲಿನಕ್ಸಿಗೆ ಆ ಹಂಗಿಲ್ಲ. ಅಲ್ಲಿ ಕೂತ ಎಷ್ಟೋ ಯಂತ್ರಗಳು ಇನ್ನೂ ಹಲವು ವರ್ಷ ಒಬ್ಬ ವಿದ್ಯಾರ್ಥಿಯ ಓದಿಗೆ, ಒಬ್ಬ ಬರಹಗಾರ್ತಿಯ ಬರವಣಿಗೆಗೆ ಆಗಿಬರಬಲ್ಲವು.

“ಏನ್ ನೋಡ್ತೀರಾ ಮೇಡಂ? ಐ-ಸೆವೆನ್ ಇದೆ, ಗ್ರಾಫಿಕ್ಸ್ ಕಾರ್ಡ್ ಇರೋದೂ ಇದೆ” ಅಂದರು ಅಂಗಡಿಯವರು. ಕೀಬೋರ್ಡ್ ಮುಟ್ಟಿ ನೋಡಬೇಕು, ಹಿಂದಿನ ಮುಚ್ಚಳ ಬಿಚ್ಚಿ ನೋಡಬೇಕು, ನನ್ನ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ನೋಡಬೇಕು ಅಂದೆ. ಅವರು ಬೇಸರಿಸಿಕೊಳ್ಳಲಿಲ್ಲ. ಒಳಗೆ ಮೇಜಿನ ಮೇಲೆ ಬಗ್ಗಿ ಕೂತಿದ್ದ ರಿಪೇರಿಯವರನ್ನು ಕರೆದು, “ಇವರಿಗೆ ಬಿಚ್ಚಿ ತೋರಿಸಪ್ಪ” ಅಂದರು. ಆತನ ಕೈ ನೋಡುವುದೇ ಒಂದು ಪಾಠ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದು ಆಯಸ್ಕಾಂತದ ತಟ್ಟೆಯ ಮೇಲೆ ಜೋಡಿಸುತ್ತ ಹೋದರು.

“ಯಾವುದು ಬಿಚ್ಚೋಕೆ ಚೆನ್ನಾಗಿರುತ್ತೆ ಅಣ್ಣ?” ಎಂದು ಕೇಳಿದೆ.

“ಆಫೀಸ್‌ನವರು ಕೊಳ್ಳೋ ಮಾಡೆಲ್‌ಗಳು ಮೇಡಂ. ಸಾವಿರ ಪೀಸ್ ತಗೊಳ್ಳೋರು ರಿಪೇರಿ ಆಗ್ಬೇಕು ಅಂತ ಕೇಳ್ತಾರೆ, ಕಂಪನಿಯವರು ಮಾಡ್ಕೊಡ್ತಾರೆ. ಒಂದೊಂದು ಪೀಸ್ ತಗೊಳ್ಳೋರನ್ನ ಯಾರು ಕೇಳ್ತಾರೆ? ಅವರಿಗೆ ಕೊಡೋದು ತೆಳ್ಳಗಿರುತ್ತೆ, ಅಂಟಿಸಿರ್ತಾರೆ.”

ರಿಪೇರಿಯ ಸ್ಥಿತಿಗತಿಯನ್ನು ಇಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿರಲಿಲ್ಲ. ಲೆನೊವೊ, ಡೆಲ್, ಎಚ್‌ಪಿ ಮೂರೂ ಕಂಪನಿಗಳು ತಮ್ಮ ಕಚೇರಿ ಮಾದರಿಗಳಿಗೆ ಮೇಂಟೆನೆನ್ಸ್ ಮ್ಯಾನ್ಯುಯಲ್ ಪ್ರಕಟಿಸುತ್ತವೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಯಾವ ಸ್ಕ್ರೂ ಎಷ್ಟು ಉದ್ದ, ಯಾವುದನ್ನು ಮೊದಲು ತೆಗೆಯಬೇಕು, ಯಾವ ಕೇಬಲ್ಲನ್ನು ಹೇಗೆ ಮೀಟಬೇಕು, ಎಲ್ಲ ಚಿತ್ರಸಹಿತ. ಭಾಗಕ್ಕೊಂದು ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಹೋದರೆ ಎಸ್.ಪಿ. ರೋಡಿನಲ್ಲಿ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ರಿಪೇರಿ ಮಾಡಿ ಬಳಸುವುದು ಹೊಸದೇನಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚುಗಾರರಾಗಿದ್ದಾಗ ಟೈಪ್‌ರೈಟರ್ ಮೆಕ್ಯಾನಿಕ್ ಒಬ್ಬರು ಕುಂಚ, ಎಣ್ಣೆ, ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದರು. ಅಪ್ಪ ನಿವೃತ್ತರಾದ ಮೇಲೂ ಆ ಟೈಪ್‌ರೈಟರ್ ಅದೇ ಮೇಜಿನ ಮೇಲೆ ದುಡಿಯುತ್ತಿತ್ತು.

ಬಿಚ್ಚಿದ ಯಂತ್ರದಲ್ಲಿ ನಾನು ಮೊದಲು ಹುಡುಕಿದ್ದು ರ‍್ಯಾಮ್ ಕೂರುವ ಸ್ಲಾಟ್‌ಗಳನ್ನು. 2018ರ ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ಸ್ಲಾಟ್ ಇವೆ. ಮರುವರ್ಷದ ಟಿ490ರಲ್ಲಿ ಒಂದು ಸ್ಲಾಟ್ ಹೋಯಿತು. ಅದರ ಜಾಗದಲ್ಲಿ ಮದರ್‌ಬೋರ್ಡಿಗೇ ಬೆಸೆದ ಚಿಪ್ಪುಗಳು ಬಂದವು. ಟಿ480ರಲ್ಲಿ ಒಳಗೊಂದು, ಹೊರಗೊಂದು ಎರಡು ಬ್ಯಾಟರಿ. ಹೊರಗಿನದನ್ನು ಯಂತ್ರ ನಡೆಯುತ್ತಿರುವಾಗಲೇ ಬದಲಿಸಬಹುದು. ಟಿ490ರಲ್ಲಿ ಅದೂ ಹೋಯಿತು. ಬೆಸೆದ ಮೆಮೊರಿಗೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕಡಿಮೆ ವಿದ್ಯುತ್ತಿನ, ಹೆಚ್ಚು ವೇಗದ ಎಲ್‌ಪಿಡಿಡಿಆರ್ ಮೆಮೊರಿಗೆ ಪ್ರೊಸೆಸರಿನ ಹತ್ತಿರ, ಚಿಕ್ಕ ತಂತಿಗಳ ದಾರಿ ಬೇಕು. ಹಳೆಯ ಸ್ಲಾಟಿನಲ್ಲಿ ಅದು ಆಗುವುದಿಲ್ಲ. ಆದರೆ ಇದಕ್ಕೂ ಪರಿಹಾರ ಹುಟ್ಟಿದೆ. ಡೆಲ್ 2022ರಲ್ಲಿ ಪ್ರಿಸಿಷನ್ ವರ್ಕ್‌ಸ್ಟೇಷನ್ನಿನಲ್ಲಿ ಕ್ಯಾಮ್ ಎಂಬ ಹೊಸ ಬಗೆಯ ಮೆಮೊರಿ ಹಲಗೆ ತಂದಿತು. ಸ್ಕ್ರೂ ಹಾಕಿ ಮದರ್‌ಬೋರ್ಡಿಗೆ ಒತ್ತಿ ಕೂರಿಸುವಂಥದ್ದು. 2023ರ ಕೊನೆಯಲ್ಲಿ ಅದು ಇಡೀ ಉದ್ಯಮದ ಶಿಷ್ಟ ರೂಪವಾಯಿತು. 2024ರ ಥಿಂಕ್‌ಪ್ಯಾಡ್ ಪಿ1ರಲ್ಲಿ ಅದರ ಕಡಿಮೆ ವಿದ್ಯುತ್ತಿನ ರೂಪ ಬಂತು. ಅಂದರೆ ಸ್ಕ್ರೂ ಮತ್ತು ವೇಗ ಎರಡೂ ಒಟ್ಟಿಗೆ ಸಾಧ್ಯ. ಮನಸ್ಸು ಮಾಡುವವರು ಬೇಕು, ಅಷ್ಟೇ.

ಅಮೆರಿಕದ ಫ್ರೇಮ್‌ವರ್ಕ್ ಕಂಪನಿ ಅಂಥ ಮನಸ್ಸು ಮಾಡಿದೆ. 2021ರಿಂದ ಅವರು ಮಾರುತ್ತಿರುವ ಲ್ಯಾಪ್‌ಟಾಪಿನ ಜೊತೆ ಸ್ಕ್ರೂಡ್ರೈವರನ್ನೂ ಕೊಡುತ್ತಾರೆ. ಒಳಗಿನ ಭಾಗಗಳ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಫೋನಿನಲ್ಲಿ ಹಿಡಿದರೆ ಬದಲಿಸುವ ವಿಧಾನ ಕಾಣುತ್ತದೆ. ಹೊಸ ಪ್ರೊಸೆಸರ್ ಬಂದರೆ ಮದರ್‌ಬೋರ್ಡ್ ಮಾತ್ರ ಕೊಂಡು ಹಳೆಯ ಕವಚದಲ್ಲೇ ಹಾಕಿಕೊಳ್ಳಬಹುದು. ರಿಪೇರಿಯ ಸುಲಭತೆಗೆ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿತು. ಇದು ತನ್ನ ಪಾಡಿಗೆ ನಿಂತ ಆದರ್ಶವಾಗಿ ಉಳಿಯಲಿಲ್ಲ. 2024ರಲ್ಲಿ ಲೆನೊವೊ ಅದೇ ಐಫಿಕ್ಸಿಟ್ ಜೊತೆ ಕೂತು ಥಿಂಕ್‌ಪ್ಯಾಡ್ ಟಿ14ರ ಐದನೇ ತಲೆಮಾರನ್ನು ರೂಪಿಸಿ ಹತ್ತಕ್ಕೆ ಒಂಬತ್ತು ಪಡೆಯಿತು. ಟಿ490ರಲ್ಲಿ ಹೋಗಿದ್ದ ಎರಡನೇ ಸ್ಲಾಟ್ ಅದರಲ್ಲಿ ಮರಳಿ ಬಂದಿದೆ.

ಲಿನಕ್ಸಿನ ವಿಚಾರಕ್ಕೆ ಬಂದರೆ, ಹಿಂದಿನಷ್ಟು ಕಷ್ಟ ಈಗಿಲ್ಲ. ಉಬುಂಟು ಎಂಬ ಲಿನಕ್ಸ್ ಇರುವ ಲ್ಯಾಪ್‌ಟಾಪನ್ನು ಡೆಲ್ ಮಾರತೊಡಗಿದ್ದು 2007ರಲ್ಲೇ. ಲೆನೊವೊ 2020ರಲ್ಲಿ ತನ್ನ ವರ್ಕ್‌ಸ್ಟೇಷನ್ ಸಾಲನ್ನೆಲ್ಲ ಲಿನಕ್ಸಿಗೆ ಪ್ರಮಾಣೀಕರಿಸುವುದಾಗಿ ಹೇಳಿತು. ಬಯೋಸ್ ನವೀಕರಣಕ್ಕೂ ಈಗ ವಿಂಡೋಸ್ ಬೇಕಿಲ್ಲ. ಎಫ್‌ಡಬ್ಲ್ಯುಅಪ್‌ಡಿ ಎಂಬ ವ್ಯವಸ್ಥೆ ಮನೆ ಬಾಗಿಲಿಗೇ ತಂದುಕೊಡುತ್ತದೆ. ಆದರೂ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಕೆಲವನ್ನು ಕಣ್ಣಾರೆ ನೋಡಲೇಬೇಕು. ವೈಫೈ ಸಿಗುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಮೈಕು ಮತ್ತು ಕ್ಯಾಮೆರಾ ಕೆಲಸ ಮಾಡುತ್ತವೆಯೇ. 2022ರಿಂದೀಚಿನ ಕೆಲವು ಇಂಟೆಲ್ ಯಂತ್ರಗಳಲ್ಲಿ ಯುಎಸ್‌ಬಿ ಬಿಟ್ಟು ಬೇರೆ ದಾರಿಯಲ್ಲಿ ಜೋಡಿಸಿದ ಕ್ಯಾಮೆರಾ ಬರುತ್ತದೆ. ಲಿನಕ್ಸಿನಲ್ಲಿ ಅದು ಬಹಳ ಕಾಲ ತೊಂದರೆ ಕೊಟ್ಟಿತು. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬುದನ್ನು ಯುಪವರ್ ಆಜ್ಞೆ ಮರೆಮಾಚದೆ ಹೇಳುತ್ತದೆ. ಕಚೇರಿಯಿಂದ ಬಂದ ಯಂತ್ರವಾದರೆ ಬಯೋಸ್‌ಗೆ ಪಾಸ್‌ವರ್ಡ್ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಹಣ ಕೊಡಬೇಡಿ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಕಳೆದುಹೋದರೆ ಕಂಪನಿಯ ಅಧಿಕೃತ ಉತ್ತರ ಮದರ್‌ಬೋರ್ಡ್ ಬದಲಿಸಿ ಎಂಬುದೇ.

ಗ್ರಾಫಿಕ್ಸ್ ಕಾರ್ಡನ್ನು ನಾನು ಬೇಡವೆಂದೆ. ಎನ್‌ವಿಡಿಯಾ 2022ರಲ್ಲಿ ತನ್ನ ಕರ್ನೆಲ್ ಡ್ರೈವರನ್ನು ಮುಕ್ತಗೊಳಿಸತೊಡಗಿದ ಮೇಲೆ ಲಿನಕ್ಸಿನಲ್ಲಿ ಅದರೊಡನೆ ಏಗುವುದು ಸುಧಾರಿಸಿದೆ. ಆದರೆ ಅನೇಕ ವರ್ಕ್‌ಸ್ಟೇಷನ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಆ ಕಾರ್ಡಿಗೇ ನೇರವಾಗಿ ಜೋಡಣೆಯಾಗಿರುತ್ತದೆ. ಹೊರಗಿನ ಪರದೆ ಬೇಕಾದಾಗಲೆಲ್ಲ ಕಾರ್ಡ್ ಎಚ್ಚರವಾಗಿರಬೇಕು, ಫ್ಯಾನ್ ತಿರುಗುತ್ತಲೇ ಇರಬೇಕು. ಟೆಸೆರ್ಯಾಕ್ಟಿಗೆ ಕಲಿಸುವ ಕೆಲಸ ಹೇಗೂ ಪ್ರೊಸೆಸರಿನಲ್ಲೇ ನಡೆಯುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ. ವೇಗ ಕಡಿಮೆಯಾದರೆ ಕೆಲಸ ತಡವಾಗುತ್ತದೆ. ಮೆಮೊರಿ ಸಾಲದಿದ್ದರೆ ಕೆಲಸವೇ ನಿಲ್ಲುತ್ತದೆ.

ಪರದೆಯಲ್ಲಿ ಮಾತ್ರ ಜಿಪುಣತನ ಮಾಡಲಾರೆ. ‘ರಾಷ್ಟ್ರ’ ಎಂಬ ಪದದಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳಿವೆ. 1366×768ರ ಹಳೆಯ ಪರದೆಯಲ್ಲಿ ಅವು ಒಂದರೊಳಗೊಂದು ಕಲೆಸಿಹೋಗುತ್ತವೆ. ಟಕಾರದ ಒತ್ತೋ ತಕಾರದ ಒತ್ತೋ ತಿಳಿಯುವುದಿಲ್ಲ. ಅಕ್ಷರದೋಷ ತಿದ್ದುವವರಿಗೆ ಅದು ಕಣ್ಣು ಕಟ್ಟಿದಂತೆ. ಇಂಗ್ಲಿಷಿಗೆ ಸಾಕಾದ ಪರದೆ ಕನ್ನಡಕ್ಕೆ ಸಾಲದು. ನಮ್ಮ ಅಕ್ಷರ ಕೆಳಗೂ ಬೆಳೆಯುತ್ತದೆ, ಅದಕ್ಕೆ ಚುಕ್ಕೆಗಳು ಹೆಚ್ಚು ಬೇಕು. 1920×1080 ಕನಿಷ್ಠ. ಟಿ480ಕ್ಕೆ 2560×1440 ಪರದೆಯೂ ಬರುತ್ತಿತ್ತು. ಬೇಕೆಂದವರು ಪರದೆಯನ್ನೂ ಅದರ ಕೇಬಲ್ಲನ್ನೂ ಬದಲಿಸಿಕೊಳ್ಳಬಹುದು.

ಕೊನೆಗೆ ಕೊಂಡದ್ದು ಆ ಟಿ480ನ್ನೇ. ಅದಕ್ಕೆ ವರ್ಕ್‌ಸ್ಟೇಷನ್ ಎಂಬ ಹೆಸರಿಲ್ಲ. ಆದರೆ ನನ್ನ ಕೆಲಸ ಕೇಳುವುದೆಲ್ಲ ಅದರಲ್ಲಿದೆ. ನಡುವೆ ಕೂತ ಮಣೆ, ಎರಡು ಉದ್ದದ ಶಿಫ್ಟ್, ಬಲ ಕಂಟ್ರೋಲ್, ಕೆಂಪು ಗುಂಡಿ, ಅದರ ಮೂರು ಬಟನ್ನು. ಕಂಪನಿ ಹೇಳಿದ ಮಿತಿ 32 ಜಿಬಿಯಾದರೂ ಎರಡು 32ರ ಹಲಗೆ ಹಾಕಿ 64 ಜಿಬಿ ಮಾಡಿಕೊಂಡವರು ಬಹಳ ಜನ. ನನ್ನದರಲ್ಲೂ ಅಷ್ಟೇ ಇದೆ. 2024ರ ಕೊನೆಯಲ್ಲಿ ಲಿಬ್ರೆಬೂಟ್ ಯೋಜನೆಯವರು ಇದಕ್ಕೆ ಮುಕ್ತ ಬಯೋಸನ್ನೂ ಒದಗಿಸಿದರು. ಮಾರುಕಟ್ಟೆಗೆ ಬಂದು ಆರು ವರ್ಷವಾದ ಯಂತ್ರಕ್ಕೆ ಯಾರೋ ಪ್ರೀತಿಯಿಂದ ಕೂತು ಹೊಸ ತಂತ್ರಾಂಶ ಬರೆಯುತ್ತಾರೆಂದರೆ, ಅದು ಬಿಚ್ಚಲು ಬರುವ ಯಂತ್ರವಾದದ್ದೂ ಒಂದು ಕಾರಣವಿರಬೇಕು. ಕೀಬೋರ್ಡ್ ಕೆಟ್ಟರೆ ಕೆಳಗಿನ ಮುಚ್ಚಳ ತೆಗೆದು, ಸ್ಕ್ರೂ ಸಡಿಲಿಸಿ, ಮಣೆಯನ್ನು ಮೇಲಿನಿಂದಲೇ ಎತ್ತಿ ಬದಲಿಸಬಹುದು. ಬೇಕಾಗಿ ಬಂದೀತೆಂದು ಒಂದು ಹೆಚ್ಚುವರಿ ಮಣೆಯನ್ನು ಈಗಲೇ ಕೊಂಡಿಟ್ಟಿದ್ದೇನೆ.

ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವವರು ಬೆಲೆಯ ಪಕ್ಕದಲ್ಲೇ ರಿಪೇರಿಯ ಅಂಕವನ್ನೂ ತೋರಿಸಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನಗಳನ್ನು ಮೊದಲ ಕ್ಷೇತ್ರಗಳಾಗಿ ಗುರುತಿಸಿತು. ಲ್ಯಾಪ್‌ಟಾಪಿನ ಡಬ್ಬಿಯ ಮೇಲೂ ಅಂಥ ಅಂಕ ಅಚ್ಚಾಗಬೇಕು. ಸಾಲ ಮಾಡಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವ ತಂದೆತಾಯಿಗೆ ಪ್ರೊಸೆಸರಿನ ಹೆಸರಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಅಲ್ಲಿಯವರೆಗೆ ಆ ಅಂಕವನ್ನು ನಾವೇ ಹಾಕಿಕೊಳ್ಳಬೇಕು. ಹೊಸದಿರಲಿ, ಹಳೆಯದಿರಲಿ, ಮಾದರಿಯ ಹೆಸರು ಗೊತ್ತಾದ ಕೂಡಲೇ ಅದರ ಮೇಂಟೆನೆನ್ಸ್ ಮ್ಯಾನ್ಯುಯಲ್ ಇಳಿಸಿಕೊಂಡು ಕೀಬೋರ್ಡ್ ಬದಲಿಸುವ ಪುಟ ತೆರೆಯಿರಿ, ಆಮೇಲೆ ರ‍್ಯಾಮ್ ಹಾಕುವ ಪುಟ, ಆಮೇಲೆ ಬ್ಯಾಟರಿಯದು. ಆ ಪುಟಗಳಿಲ್ಲದ ಯಂತ್ರವನ್ನು ಕೊಳ್ಳಬೇಡಿ.